ಡಾಂಬರು, ಕಾಂಕ್ರೀಟು ಮತ್ತು ಮೆಣಸಿನಕಾಯಿ

ಗೆಳೆಯರೇ, ಬಳ್ಳಾರಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗಕ್ಕೆ ಡಾಂಬರೋ ಕಾಂಕ್ರೀಟೋ ಎಂದು ಇಂದು ಸಭೆ ನಡೆಯಿತು. ಅಧ್ಯಕ್ಷ ಬಸವರಾಜಪ್ಪನವರು ಡಾಂಬರಿನ ಪರ. ನಾನು ಬಿಡಲಿಲ್ಲ.

"ಹಿಂದ ನೀವು ಹಾಕಿಸಿದ ಡಾಂಬರು ಬ್ಯಾಸಿಗ್ಯಾಗ ಕರಗಿ, ನನ್ನ ಸ್ಕೂಟರಿನ ಸ್ಟ್ಯಾಂಡು ಹೂತು, ಗಾಡಿನೇ ಬಿತ್ತಲ್ರಿ. ಮರತ್ರೇನು?"

"ನೀವು ಮರಿಯಾಕ ಬಿಡಬೇಕಲ್ರಿ ಸರ" ಎಂದರು ಅವರು.

ಅಷ್ಟರಲ್ಲಿ ಎರಡನೇ ಮಹಡಿಯ ಶಾಂತಕ್ಕ ಎದ್ದು, "ಕಾಂಕ್ರೀಟೇ ಹಾಕಿಸ್ರಿ. ಡಾಂಬರಿನ ಮ್ಯಾಗ ಮೆಣಸಿನಕಾಯಿ ಒಣಗಿಸಾಕ ಆಗಂಗಿಲ್ಲ" ಎಂದರು. ಹೆಂಗಸರೆಲ್ಲ ಕೈ ಎತ್ತಿದರು. ಕಾಂಕ್ರೀಟು ಗೆದ್ದಿತು. ನಾನೂ ಗೆದ್ದೆ ಎಂದುಕೊಂಡೆ.

"ಮತ್ತ ನೀವು ಮೆಣಸಿನಕಾಯಿ ಹರವಿದ್ರ ನನ್ನ ಸ್ಕೂಟರ್ ಎಲ್ಲಿ ನಿಲ್ಲಿಸ್ಲಿ, ಅಕ್ಕಾ?"

"ಹೊರಗ ರೋಡಿನ್ಯಾಗ ನಿಲ್ಲಿಸ್ರಿ. ಬ್ಯಾಸಿಗಿ ಮುಗಿಯೋತನಕ ಅಷ್ಟ."

ಹೊರಗಿನ ರಸ್ತೆ ಅಪ್ಪಟ ಡಾಂಬರಿನದು.