ಮೂರನೇ ನಂಬರಿಗೆ ಹಾರ

ನನ್ನ ಬನಿಯನ್ನಿಗೆ ಹಾರ ಹಾಕಿದ ದಿನ ನನ್ನ ಹೆಂಡತಿ ಊಟ ಮಾಡಲಿಲ್ಲ. "ಬದುಕಿದ್ದವರದು ಯಾರರ ಹಿಂಗ ಗ್ವಾಡಿಗೆ ಹಾಕ್ತಾರೇನ್ರಿ?" ಎಂದು ಒಂದೇ ಮಾತು ಕೇಳಿ ಒಳಗೆ ಹೋದಳು. ಹೆಂಗಸರದೆಲ್ಲ ಅತಿ ಅಂದುಕೊಂಡೆ. ಅವಳೇ ಸರಿ ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಸಿಂದಗಿಯ ನಮ್ಮ ಕಬಡ್ಡಿ ತಂಡಕ್ಕೆ ನಾನು ಹದಿನಾರು ವರ್ಷ ಆಡಿದೆ. ತೊಂಬತ್ತರ ದಶಕದ ಶುರುವಿಗೆ ಸೇರಿದಾಗ ಮೂರನೇ ನಂಬರನ್ನು ನಾನೇನೂ ಆರಿಸಿಕೊಂಡಿರಲಿಲ್ಲ. ಟೇಲರ್ ಹೊಲಿದುಕೊಟ್ಟ ಬನಿಯನ್‌ಗಳಲ್ಲಿ ಅದೊಂದು ಚಿಕ್ಕದಾಗಿತ್ತು. ಉಳಿದವರ ಮೈಗೆ ಹಿಡಿಸಲಿಲ್ಲ, ನನ್ನ ಪಾಲಿಗೆ ಬಂತು. ಎಡಮೂಲೆಯಲ್ಲಿ ನಿಂತು, ರೇಡಿಗೆ ಬಂದವನ ಕಾಲು ಹಿಡಿಯುವುದು ನನ್ನ ಕೆಲಸ. ಜನ ನೋಡುವುದು ರೇಡ್ ಮಾಡುವವನನ್ನು. ಅವನು ಇಬ್ಬರನ್ನು ಮುಟ್ಟಿ ಬಂದರೆ ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಕಾಲು ಹಿಡಿದವನು ಎಲ್ಲರ ಅಡಿಯಲ್ಲಿ ಮಣ್ಣು ಮುಕ್ಕುತ್ತಿರುತ್ತಾನೆ. ಎದ್ದು ಮೊಣಕೈ ಒರೆಸಿಕೊಳ್ಳುವಷ್ಟರಲ್ಲಿ ಚಪ್ಪಾಳೆ ಮುಗಿದಿರುತ್ತದೆ.

ಆದರೂ ಆಲಮೇಲಕ್ಕೆ ಹೋಗಲಿ, ಝಳಕಿಗೆ ಹೋಗಲಿ, ಎದುರಿನವರು ತಮ್ಮ ಹುಡುಗರಿಗೆ ಹೇಳುತ್ತಿದ್ದುದು ನನ್ನ ಕಿವಿಗೂ ಬೀಳುತ್ತಿತ್ತು: "ಮೂರ್ ನಂಬರ್ ಬಂದಾನ, ಎಡಕ್ಕ ಹೋಗಬ್ಯಾಡ." ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಒಂದು ಮಾತಿಗಾಗಿ ನಾನು ಜ್ವರದಲ್ಲೂ ಆಡಿದ್ದೇನೆ.

ಕೊನೆಕೊನೆಗೆ ಬಲಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಮುದ್ದೇಬಿಹಾಳದ ಆಟದಲ್ಲಿ ಎರಡು ಸಲ ಕೈಗೆ ಸಿಕ್ಕ ಕಾಲು ಜಾರಿ ಹೋಯಿತು. ಒಂದೇ ಅಂಕದಿಂದ ಸೋತೆವು. ವಾಪಸು ಬರುವಾಗ ಟೆಂಪೊದಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಶೇಂಗಾ ಹಂಚಿ ತಿಂದೆವು, ಮಳೆಯ ಸುದ್ದಿ ಮಾತಾಡಿದೆವು. ಬೈದಿದ್ದರೆ ಚೆನ್ನಾಗಿತ್ತು.

ಅದಾಗಿ ಹದಿನೈದು ದಿನಕ್ಕೆ ತಂಡದ ಹಿರಿಯರಾದ ಸಾವ್ಕಾರರು ಕಾಳುಕಡಿ ದಲ್ಲಾಳಿ ನಡೆಸುವ ತಮ್ಮ ಅಡತಿ ಅಂಗಡಿಯಲ್ಲಿ ಎಲ್ಲರನ್ನೂ ಕೂಡಿಸಿದರು. ದೊಡ್ಡ ಆಟಗಾರರ ನಂಬರನ್ನು ಮತ್ತೆ ಯಾರಿಗೂ ಕೊಡುವುದಿಲ್ಲವೆಂದು ಅವರು ಟೀವಿಯಲ್ಲಿ ನೋಡಿದ್ದರಂತೆ. "ನಮ್ಮ ಮೂರ್ ನಂಬರಿಗೂ ಹಂಗ ಮಾಡೂಣು" ಎಂದರು. ನನ್ನ ಸರೀಕನೊಬ್ಬ, ನನ್ನ ಜೊತೆಗೇ ಆಟ ಶುರು ಮಾಡಿ ಎಂದೋ ಬಿಟ್ಟವನು, ನನ್ನೆದುರಿಗೇ ಕೇಳಿದ: "ಇಷ್ಟ್ ವರ್ಷ ಆಡ್ಯಾನ, ಖರೆ. ಜಿಲ್ಲಾ ಕಪ್ ಒಂದರ ತಂದಾನೇನು? ಭಾಳ ವರ್ಷ ಆಡಿದ್ದಽ ದೊಡ್ಡಸ್ತಿಕಿ ಏನು?" ನನ್ನ ಮೈಯೆಲ್ಲ ಉರಿಯಿತು. ಆಗ ನಮ್ಮ ಕ್ಯಾಪ್ಟನ್, ನನಗಿಂತ ಹತ್ತು ವರ್ಷ ಚಿಕ್ಕವನು, ಎದ್ದು ನಿಂತ. "ಇವರು ಹಿಡದ್ರ ನಾವು ರೇಡ್ ಮಾಡೂದ್ರಿ. ಇವರಿಗೆ ಅಲ್ದ ಮತ್ಯಾರಿಗೆ ಮಾಡ್ತೀರಿ?" ಎಂದ. ನನ್ನ ಕಣ್ಣು ತುಂಬಿತು. "ಅಯ್, ನನಗ್ಯಾಕ್ರಿ ಇದೆಲ್ಲ" ಎಂದೆನಾದರೂ ಒಳಗೆ ಹಿಗ್ಗಿ ಹೀರೇಕಾಯಿ ಆಗಿದ್ದೆ.

ಸತ್ಕಾರಕ್ಕೆ ಬಾಗೇವಾಡಿಯಿಂದ ನಿವೃತ್ತ ವ್ಯಾಯಾಮ ಮಾಸ್ತರರು ಬಂದರು. ಶಾಲು, ಕಾಯಿ ಎಲ್ಲ ಆಯಿತು. ಬನಿಯನ್ನನ್ನು ಗಾಜಿನ ಕಟ್ಟು ಹಾಕಿಸಿ ತಂದು ಅಂಗಡಿಯ ಗೋಡೆಗೆ ತೂಗುಹಾಕಿದರು. ಕಟ್ಟು ಹಾಕುವವನು ದೇವರ ಫೋಟೊ, ತೀರಿಕೊಂಡವರ ಫೋಟೊ ಬಿಟ್ಟು ಬೇರೆ ಕಂಡವನಲ್ಲ. ರೂಢಿಯಂತೆ ಗಾಜಿನ ಮೇಲೆ ಕುಂಕುಮದ ಬೊಟ್ಟಿಟ್ಟು, ಗಂಧದ ಹಾರ ಇಳಿಬಿಟ್ಟು ಕೊಟ್ಟಿದ್ದ. ಯಾರೋ ಭಕ್ತಿಯಿಂದ ಊದುಬತ್ತಿಯನ್ನೂ ಹಚ್ಚಿದರು. ನೋಡಲು ಬಂದ ಮುದುಕಿಯೊಬ್ಬಳು ನನ್ನನ್ನೇ ಕೇಳಿದಳು: "ಯಾವಾಗ ತೀರಿಕೊಂಡ್ನಪಾ?" ಎಲ್ಲರೂ ನಕ್ಕರು, ನಾನೂ ನಕ್ಕೆ.

ಮುಂದಿನ ತಿಂಗಳು ಇಂಡಿಯಲ್ಲಿ ಪಂದ್ಯವಿತ್ತು. ಬೆಳಿಗ್ಗೆ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಚೀಲ ಹೆಗಲಿಗೆ ಹಾಕಿಕೊಂಡು ಟೆಂಪೊ ಹತ್ತಿರ ಹೋದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕ್ಯಾಪ್ಟನ್ನನೇ ಬಾಯಿಬಿಟ್ಟ.

"ಅಣ್ಣಾರ, ನಿಮ್ಮ ನಂಬರ್ ತಗದೇವಲ್ರಿ. ಅದನ್ನ ಇನ್ನ ಯಾರೂ ಹಾಕ್ಕೊಳ್ಳಂಗಿಲ್ಲ."

"ನಾನೂ?"

ಅವನು ನೆಲ ನೋಡಿದ. "ನೀವೂರಿ."

"ಬ್ಯಾರೆ ನಂಬರ್ ಕೊಡು."

"ಎಲ್ಲಾ ಹಂಚಿ ಆಗ್ಯಾವ್ರಿ. ನೀವು ಬರ್ರಿ, ಮುಂದ ಕುರ್ಚಿಮ್ಯಾಲ ಕುಂದರ್ರಿ. ನೀವು ಕುಂತ್ರ ನಮಗ ಧೈರ್ಯ."

ಅವತ್ತು ಅಂಗಡಿಯಲ್ಲಿ ಅವನು ಎದ್ದುನಿಂತು ಆಡಿದ ಮಾತು ನನಗೆ ಆಗ ಅರ್ಥವಾಯಿತು. ನನ್ನ ಹೊಟ್ಟೆಯುರಿಯ ಸರೀಕನೇ ನನ್ನ ಕಡೆಯವನಾಗಿದ್ದ. ಅವನ ಮಾತು ನಡೆದಿದ್ದರೆ ಬನಿಯನ್ ನನ್ನ ಮೈಮೇಲೆ ಇರುತ್ತಿತ್ತು. "ಕಾಲು ಹೋಗೇತಿ, ಬಿಡೋ ಮಾರಾಯ" ಎಂದು ಮುಖದ ಮೇಲೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಬಿಡುತ್ತಿದ್ದೆ. ಅದನ್ನು ಹೇಳುವ ಗಂಡಸುತನ ಅಷ್ಟು ಜನರಲ್ಲಿ ಒಬ್ಬನಿಗೂ ಇರಲಿಲ್ಲ. ಹಾರ ಹಾಕಿ ಹೊರಗೆ ಹಾಕಿದರು.

ಮನೆಗೆ ತಿರುಗಿ ಹೋಗಬೇಕಿತ್ತು. ಹೋಗಲಿಲ್ಲ, ಟೆಂಪೊ ಹತ್ತಿದೆ. ಇಂಡಿಯಲ್ಲಿ ಮೈಕಿನವನು ನನ್ನನ್ನು "ಮಾಜಿ ಆಟಗಾರರು" ಎಂದು ಕರೆದು ಗಣ್ಯರ ಸಾಲಿನಲ್ಲಿ ಕೂರಿಸಿದ. ಎಡಮೂಲೆಯಲ್ಲಿ ನನ್ನ ಜಾಗಕ್ಕೆ ಹನ್ನೊಂದನೇ ನಂಬರಿನ ಹೊಸಬ ನಿಂತಿದ್ದ. ಕಾಲು ಹಿಡಿಯುವುದನ್ನು ಅವನಿಗೆ ಕಲಿಸಿದವನು ನಾನೇ. ಕೊನೆಯ ರೇಡಿಗೆ ಎದುರಿನವರ ಒಳ್ಳೆಯ ಆಟಗಾರ ಬಂದ. ಅವನು ಮುಟ್ಟಿ ಪಾರಾದರೆ ನಾವು ಸೋತಂತೆ.

ಹದಿನಾರು ವರ್ಷದಲ್ಲಿ ಒಂದು ದಿನವೂ ನಮ್ಮ ತಂಡ ಸೋಲಲಿ ಎಂದು ನಾನು ಬಯಸಿದವನಲ್ಲ. ಅವತ್ತು ಆ ಮೆತ್ತನೆಯ ಕುರ್ಚಿಯ ಮೇಲೆ, ಕೈಯಲ್ಲಿ ಚಹಾ ಹಿಡಿದುಕೊಂಡು, ಹೊಸಬನ ಕೈ ಜಾರಲಿ ಎಂದು ನಾನು ದೇವರಿಗೆ ಬೇಡಿಕೊಂಡೆ. ನಾನಿಲ್ಲದೆ ಇವರು ಸೋಲಬೇಕು, ಎಲ್ಲರೂ ತಿರುಗಿ ನನ್ನ ಕುರ್ಚಿಯ ಕಡೆ ನೋಡಬೇಕು. ಆ ನಂಬರಿಗೆ ನಾನು ಯೋಗ್ಯನೋ ಅಲ್ಲವೋ ಎಂದು ಅಂಗಡಿಯಲ್ಲಿ ಅಷ್ಟೆಲ್ಲ ವಾದ ಮಾಡಿದ್ದರಲ್ಲ, ಅದರ ತೀರ್ಮಾನ ಅಲ್ಲಿ ಒಂದು ಕ್ಷಣದಲ್ಲಿ ಆಗಿಹೋಯಿತು, ನನ್ನೊಬ್ಬನಿಗೇ ಗೊತ್ತಾಗುವ ಹಾಗೆ.

ಹೊಸಬ ಕಾಲು ಬಿಡಲಿಲ್ಲ.