ಬೈಂಡರನ ತಾಳ್ಮೆ

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಬೀದಿಯವರು ಇಟ್ಟ ಹೆಸರು 'ಒಣಗಲಿಯಪ್ಪ'. ಕೆಲಸ ಯಾವಾಗ ಮುಗಿಯುತ್ತದೆ ಎಂದು ಯಾರು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು: "ತಾಳ್ಮೆ ಇರಲಿ ಸ್ವಾಮಿ, ಒಣಗಲಿ." ಅಂಟು ಹಚ್ಚಿದ ಪುಸ್ತಕವನ್ನು ಒತ್ತುಯಂತ್ರದಿಂದ ಒಂದು ಗಂಟೆ ಮೊದಲು ತೆಗೆದರೂ ಬೆನ್ನು ಸೊಟ್ಟಗಾಗುತ್ತದೆ, ಆಮೇಲೆ ತಿಪ್ಪರಲಾಗ ಹಾಕಿದರೂ ನೆಟ್ಟಗಾಗದು. ಕೆಲಸದ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಒತ್ತಿಟ್ಟರೆ ಲೋಕದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿಬಿಟ್ಟನಲ್ಲ, ಅಲ್ಲಿ ಕೆಟ್ಟ.

ಹೆಂಡತಿ ಅವನೆದುರೇ ಕೂತು ಹಾಳೆಗಳನ್ನು ದಾರದಿಂದ ಹೊಲಿಯುತ್ತಿದ್ದಳು. ಹೊಲಿಗೆ ಬಿಚ್ಚಿತೆಂದು ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಪುಸ್ತಕ ವಾಪಸ್ ತಂದಿರಲಿಲ್ಲ. ಗ್ರಂಥಾಲಯದ ಮುನ್ನೂರು ನಿಘಂಟುಗಳು ಬಂದ ವಾರ ಅವಳು ಹೊಟ್ಟೆ ಹಿಡಿದುಕೊಂಡು, "ಯಾಕೋ ಇಲ್ಲಿ ಹಿಂಡ್ತಿದೆ ರೀ" ಅಂದಳು.

"ಸ್ವಲ್ಪ ತಾಳ್ಕೋ. ಇದೊಂದು ಮುಗೀಲಿ."

ತಾಳಿಕೊಂಡಳು. ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಮೂರು ತಿಂಗಳು ಹೊಲಿದಳು. ನೋಡಲು ಬಂದ ಅವಳ ಅಕ್ಕ, "ಏನೇ ಇದು, ಹೀಗೆ ಇಳಿದುಹೋಗಿದ್ದೀಯ? ಡಾಕ್ಟರಿಗೆ ತೋರಿಸೇ" ಎಂದು ಗದರಿದರೆ, ಉತ್ತರ ಕೊಟ್ಟವನು ಇವನು: "ನಮ್ಮೋಳ ತಾಳ್ಮೆ ಯಾರಿಗೂ ಬರಲ್ಲ ಬಿಡಿ." ಅದನ್ನು ಹೊಗಳಿಕೆ ಎಂದುಕೊಂಡಿದ್ದ ಮಹಾನುಭಾವ.

ಕೊನೆಯ ನಿಘಂಟು ಹೊಲಿದ ಮಧ್ಯಾಹ್ನ ಅವಳು ಹಾಳೆಗಳ ಮೇಲೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ಹೊರಗೆ ಕರೆದು, ಗಡ್ಡೆ ಎಲ್ಲ ಕಡೆ ಹರಡಿದೆ, ನೋವು ಕಡಿಮೆ ಮಾಡುವುದಷ್ಟೇ ಇನ್ನು ನಮ್ಮ ಕೈಲಿರುವುದು ಎಂದರು. "ಮೂರು ತಿಂಗಳ ಹಿಂದೆ ತಂದಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

ವಾರ್ಡಿಗೆ ಮರಳಿದಾಗ ನರ್ಸ್ ಇಂಜೆಕ್ಷನ್ ತಟ್ಟೆ ಹಿಡಿದು ಕೇಳುತ್ತಿದ್ದಳು: "ನೋವು ಹೇಗಿದೆಯಮ್ಮಾ? ಕೊಡ್ಲಾ?"

ಹೆಂಡತಿಯ ಬೆರಳುಗಳು ಮಂಚದ ಕಂಬಿ ಹಿಡಿದು ಬಿಳುಚಿದ್ದವು. "ಪರವಾಗಿಲ್ಲ, ತಾಳ್ಕೋತೀನಿ. ಬೇರೆಯೋರಿಗೆ ಕೊಡಿ."

ನರ್ಸ್ ಮುಂದಿನ ಮಂಚಕ್ಕೆ ನಡೆದಳು.

"ಬೇಡ ಕಣೇ, ತಾಳ್ಕೋಬೇಡ," ಎಂದು ಅವನು ಗೋಗರೆದ. "ಕೂಗು. ನನ್ನನ್ನ ಬಾಯಿಗೆ ಬಂದ ಹಾಗೆ ಬಯ್ಯಿ."

ಅವಳು ಬಾಯಿ ತೆರೆದಳು. ದನಿ ಹೊರಡಲಿಲ್ಲ. "ಅಭ್ಯಾಸ ಇಲ್ಲ ರೀ," ಎಂದಳು, ತಪ್ಪು ಮಾಡಿದವಳಂತೆ.

ವಾರ್ಡಿಗೆ ವಾರ್ಡೇ ತಿರುಗಿ ನೋಡುವಂತೆ ಕೂಗಿದವನು ಅವನು. ನರ್ಸ್ ಓಡಿಬಂದು, ಎಲ್ಲಿ ನೋವು ಎಂದು ಅವನನ್ನೇ ಕೇಳಿದಳು.