ನಿಷೇಧವಿಲ್ಲದ ಡಾಕ್ಟರು

ರಾಮದುಲಾರೆ ಶಾಕ್ಯನ ಹೆಸರೆತ್ತಿದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ಮೈನ್‌ಪುರಿಯ ನಮ್ಮ ಗಲ್ಲಿಯಲ್ಲಿ ಹತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿದ್ದವನು. ಅಂಚೆಯ ಮೂಲಕ ಎರಡು ವರ್ಷ ಎಲೆಕ್ಟ್ರೋ ಹೋಮಿಯೋಪತಿ ಎಂಬ ಹನಿ ಔಷಧಿಯ ವೈದ್ಯ ಓದಿದ. ಅದೇ ಅಂಗಡಿಗೆ ಸುಣ್ಣ ಹೊಡೆಸಿ, ಹಸಿರು, ಕೆಂಪು, ಬಿಳಿ ಹನಿಗಳ ಬಾಟಲಿ ಜೋಡಿಸಿ ಡಾಕ್ಟರಾಗಿ ಕೂತ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಸರ್ಕಾರಿ ಪತ್ರ. ಈ ಪದ್ಧತಿಗೆ ಮಾನ್ಯತೆ ಕೊಟ್ಟಿಲ್ಲ ಎಂದು ಒಂದು ಸಾಲು, ನಿಷೇಧವನ್ನೂ ಹೇರಿಲ್ಲ ಎಂದು ಇನ್ನೊಂದು. ಪುಣ್ಯಾತ್ಮ ಎರಡನೆಯದಕ್ಕೆ ಮಾತ್ರ ಹಳದಿ ಬಳಿದಿದ್ದ. ಓದು ಬಾರದವರಿಗೆ ಕೆಳಗಿನ ಮೊಹರೇ ಸಾಕಾಗಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು ಓದಿ, ಮೂಗು ಮುರಿದು, ಸುಮ್ಮನಿದ್ದೆ.

ನಮ್ಮ ಮನೆಯ ಪಾತ್ರೆ ತೊಳೆಯುವ ಫೂಲ್‌ಮತಿಗೆ ಎದೆಯಲ್ಲಿ ಗಂಟಾಗಿತ್ತು. ಎಂಟು ತಿಂಗಳು ಅವನ ಹಸಿರು ಹನಿ ಕುಡಿದಳಂತೆ. ನನಗೆ ಗೊತ್ತಾದದ್ದು ಗಂಟು ಒಡೆದು ವಾಸನೆ ಬಂದಾಗ. ಜಿಲ್ಲಾ ಆಸ್ಪತ್ರೆಯವರು, ಕ್ಯಾನ್ಸರ್ ಶ್ವಾಸಕೋಶಕ್ಕೂ ಇಳಿದಿದೆ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ನೇರ ಅವನ ಅಂಗಡಿಗೆ ನುಗ್ಗಿದೆ.

"ಹೆಂಗಸಿನ ಮೈ ಅಂದ್ರೆ ಮೋಟಾರು ಅಂದ್ಕೊಂಡ್ಯೇನೋ?"

"ಕೂತ್ಕೊಳ್ಳಿ ಬೆಹನ್‌ಜಿ, ಬೀಪಿ ಏರತ್ತೆ. ಬಿಳಿ ಹನಿ ಕೊಡ್ಲಾ?" ಎಂದವನೇ ಹಳದಿ ಸಾಲಿನ ಮೇಲೆ ಬೆರಳಿಟ್ಟ. "ಮಾಡ್ಬೇಡ ಅಂತ ಎಲ್ಲಿದೆ, ನೀವೇ ಓದಿ."

ಇವನ ಬಾಗಿಲಿಗೆ ಬೀಗ ಬೀಳದಿದ್ದರೆ ಇನ್ನೊಬ್ಬಳು ಹೀಗೇ ಸಾಯುತ್ತಾಳೆ ಎಂದು, ಫೂಲ್‌ಮತಿಯನ್ನು ಕರೆದುಕೊಂಡು ಆರೋಗ್ಯ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿಯ ಬಾಯಿ ತುಂಬ ಪಾನ್. ಕಿಟಕಿಯಾಚೆ ಪಿಚಕ್ಕನೆ ಉಗಿದು ಮಾತಿಗೆ ಬಂದ.

"ಮಾನ್ಯತೆ ಇಲ್ಲ, ಅದಕ್ಕೇ ನಮ್ಮ ಪಟ್ಟೀಲಿ ಬರಲ್ಲ. ನಿಷೇಧ ಇಲ್ಲ, ಅದಕ್ಕೇ ಮುಚ್ಸಕ್ಕಾಗಲ್ಲ. ಇಂಗ್ಲಿಷ್ ಔಷಧಿ ಏನಾದ್ರೂ ಬರ್ಕೊಟ್ಟಿದ್ರೆ ಬೇರೆ ಮಾತು. ಎಲ್ಲಿ, ಅವನ ಚೀಟಿ ಕೊಡಿ."

ಫೂಲ್‌ಮತಿ ಖಾಲಿ ಅಂಗೈ ಚಾಚಿದಳು. "ಡಾಕ್ಟರ್ ಸಾಬ್ ಇಲ್ಲೇ ಬರೀತಿದ್ರು ಸಾಹೇಬ್ರೇ, ಪೆನ್ನಲ್ಲಿ. ಕಾಗದ ಆದ್ರೆ ಕಳ್ದೋಗತ್ತೆ ಅಂತ."

"ಈ ಕೈನೇ ಫೈಲಿಗೆ ಹಾಕ್ಲೇನಮ್ಮ?" ಎಂದು ಅವನು ನಕ್ಕ. ಹಲ್ಲೆಲ್ಲ ಕೆಂಪು.

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಆ ಇಬ್ಬರಿಗೂ ಶಾಪ ಹಾಕಿದೆ. ಅಷ್ಟಾದರೂ ಸಿಟ್ಟು ಇಳಿಯದೆ ಅವಳ ಮೇಲೂ ಹರಿಹಾಯ್ದೆ. "ಎಂಟು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೇ! ನನಗೊಂದು ಮಾತು ಹೇಳ್ಬಾರ್ದಿತ್ತಾ?"

ಫೂಲ್‌ಮತಿ ಸೆರಗನ್ನು ಎದೆಗೆ ಒತ್ತಿಕೊಂಡಳು.

"ವಾರ ವಾರ ಅಂಗೈ ತುಂಬ ನೀಲಿ ಶಾಯಿ ಇಟ್ಕೊಂಡೇ ನಿಮ್ಮನೆಗೆ ಬರ್ತಿದ್ದೆ ಬೆಹನ್‌ಜಿ. ತಟ್ಟೆಗೆ ಹತ್ತತ್ತೆ, ಮೊದ್ಲು ಕೈ ತೊಳ್ಕೋ ಅಂತಿದ್ರಿ. ಏನದು ಅಂತ ಯಾವತ್ತೂ ಕೇಳ್ಲಿಲ್ಲ."